ಮುಳುಗಿದ ಮನೆಯ ವಿಳಾಸ

ಆ ತಿಂಗಳು ಬೆಳಗಿನ ಜಾವದಲ್ಲಿ ನನ್ನ ಫೋನು ಐದು ಸಲ ಬಡಿದುಕೊಂಡಿತು. ಐದೂ ಸಲ ಸುದ್ದಿ ಒಂದೇ. ಯಾವುದೋ ಕಾರ್ಖಾನೆಯಲ್ಲಿರುವ ನಮ್ಮ ಡಬ್ಬಿ ರಾತ್ರಿ 2 ಗಂಟೆ ದಾಟುತ್ತಿದ್ದಂತೆ ಬಿದ್ದು, ಮತ್ತೆ ತಾನಾಗಿಯೇ ಎದ್ದು ಕೂತಿದೆ. ಡಬ್ಬಿ ಅಂದರೆ ಯಂತ್ರಗಳಿಂದ ಮಾಹಿತಿ ತೆಗೆದುಕೊಂಡು ಮುಂದಕ್ಕೆ ಸಾಗಿಸುವ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೆ ಓಡುವುದು ಲಿನಕ್ಸ್. ಲಿನಕ್ಸ್ ಒಳಗೆ ನಾವು ಬರೆದ ಒಂದು ಡ್ರೈವರ್. ಬೆಂಗಳೂರಿನಲ್ಲಿ ಹದಿನೆಂಟು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಇದು. ಊರಿನಲ್ಲಿ ಯಾರಾದರೂ ಕೇಳಿದರೆ ‘ಕಂಪ್ಯೂಟರ್ ಕೆಲಸ’ ಅಂತ ಹೇಳಿ ಮಾತು ಮುಗಿಸುತ್ತೇನೆ. ಇವತ್ತು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಈ ಕಥೆಯಲ್ಲಿ ನಾನೊಬ್ಬ ಹುಡುಗನಿಗೆ ಮಾಡಿದ ಅನ್ಯಾಯವೂ ಇದೆ.

ಕಂಪ್ಯೂಟರಿನಲ್ಲಿ ನಿಮ್ಮ ಕಣ್ಣಿಗೆ ಕಾಣುವ ಎಲ್ಲ ಪ್ರೋಗ್ರಾಮುಗಳ ಕೆಳಗೆ ಕರ್ನಲ್ ಎಂಬುದೊಂದು ಇರುತ್ತದೆ. ಯಾರಿಗೆ ಎಷ್ಟು ಮೆಮೊರಿ, ಯಾರ ಸರದಿ ಯಾವಾಗ ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಮೇಲಿನ ಪ್ರೋಗ್ರಾಮು ತಪ್ಪು ಮಾಡಿದರೆ ಅದೊಂದೇ ಸಾಯುತ್ತದೆ. ಕರ್ನಲ್ ಒಳಗೆ ತಪ್ಪಾದರೆ ಇಡೀ ಯಂತ್ರ ಮಲಗಬಹುದು. ಅಂಥ ಜಾಗದಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಅದನ್ನು ನಿಲ್ಲಿಸಿ ಕೇಳುವ ಹಾಗಿಲ್ಲ. ಓಡುತ್ತಿರುವಾಗಲೇ ನೋಡಬೇಕು. ಅದಕ್ಕೆ ಇರುವ ಉಪಾಯ ಟ್ರೇಸಿಂಗ್. ಸ್ಟೀವನ್ ರೋಸ್ಟೆಡ್ ಬರೆದ ಎಫ್‌ಟ್ರೇಸ್ 2008ರಲ್ಲಿ ಲಿನಕ್ಸ್ 2.6.27ರ ಜೊತೆ ಬಂತು. ಅಂದಿನಿಂದ ನಮ್ಮಂಥವರಿಗೆ ಅದು ಕಣ್ಣು, ಕಿವಿ ಎರಡೂ ಆಗಿದೆ.

ಟ್ರೇಸಿಂಗ್ ಒಂದು ದಿನಚರಿ ಇದ್ದ ಹಾಗೆ. ಕೋಡಿನಲ್ಲಿ ಮುಖ್ಯವೆನಿಸಿದ ಜಾಗಗಳಲ್ಲಿ ‘ಇಲ್ಲಿಗೆ ಬಂದಾಗ ಇಷ್ಟನ್ನು ಗುರುತು ಹಾಕಿಕೋ’ ಎಂದು ಬರೆದಿಡುತ್ತೇವೆ. ಗುರುತು ಹೋಗಿ ಬೀಳುವುದು ರಿಂಗ್ ಬಫರ್ ಎಂಬ ಜಾಗಕ್ಕೆ. ಅದರ ಹಾಳೆಗಳು ಬಳೆಯ ಹಾಗೆ ಸುತ್ತಿಕೊಂಡಿರುತ್ತವೆ. ಕೊನೆಯ ಹಾಳೆ ತುಂಬಿದರೆ ಮೊದಲ ಹಾಳೆಯ ಮೇಲೆಯೇ ಮತ್ತೆ ಬರವಣಿಗೆ. ಗದ್ದಲವಿರುವ ಯಂತ್ರದಲ್ಲಿ ಹಳೆಯ ಗುರುತು ಕೆಲವೇ ಸೆಕೆಂಡುಗಳಲ್ಲಿ ಅಳಿದುಹೋಗುತ್ತದೆ. ಸುಮ್ಮನಿರುವ ಯಂತ್ರದಲ್ಲಿ ದಿನಗಟ್ಟಲೆ ಉಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ನನ್ನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಪ್ರತಿ ಗುರುತಿಗೂ ಎರಡು ಭಾಗ. ಘಟನೆ ನಡೆಯುವ ಕ್ಷಣದಲ್ಲಿ ಓಡುವುದು ಮೊದಲನೆಯದು. ಅದು ಆದಷ್ಟು ಬೇಗ ನಾಲ್ಕಾರು ಬೈಟುಗಳನ್ನು ಬಫರಿಗೆ ಎಸೆದು ಹೊರಟುಬಿಡಬೇಕು. ಎರಡನೆಯದು ಆ ಬೈಟುಗಳನ್ನು ಮನುಷ್ಯರು ಓದಬಲ್ಲ ಸಾಲಾಗಿ ಅಚ್ಚು ಮಾಡುವ ಭಾಗ. ಅದು ಓಡುವುದು ಯಾರಾದರೂ ದಿನಚರಿಯನ್ನು ತೆರೆದು ಓದಲು ಹೊರಟಾಗ. ಬರೆಯುವ ಹೊತ್ತಿಗೂ ಓದುವ ಹೊತ್ತಿಗೂ ನಡುವೆ ಒಂದು ಸೆಕೆಂಡು ಇರಬಹುದು, ಒಂದು ವಾರವೂ ಇರಬಹುದು.

ನಮ್ಮ ತಂಡಕ್ಕೆ ಹಾಸನದ ಕಡೆಯ ಒಬ್ಬ ಹುಡುಗ ಸೇರಿ ಐದು ತಿಂಗಳಾಗಿತ್ತು. ಮೊದಲ ಕೆಲಸ, ಇನ್ನೂ ಪ್ರೊಬೇಷನ್. ಅವನಿಗೆ ನಾವು ಕೊಟ್ಟ ಮೊದಲ ಸ್ವತಂತ್ರ ಕೆಲಸ ಒಂದು ಸಣ್ಣ ಸ್ಕ್ರಿಪ್ಟು. ಪ್ರತಿ ರಾತ್ರಿ 2 ಗಂಟೆಗೆ ಡಬ್ಬಿಯ ಲಾಗುಗಳನ್ನೂ ಟ್ರೇಸ್ ಫೈಲನ್ನೂ ಓದಿ, ಕಟ್ಟಿ, ನಮ್ಮ ಸರ್ವರಿಗೆ ಕಳಿಸಬೇಕು. ಸ್ಕ್ರಿಪ್ಟು ಗ್ರಾಹಕರಿಗೆ ಹೋದ ನಾಲ್ಕನೆಯ ದಿನ ಮೊದಲ ಡಬ್ಬಿ ಬಿತ್ತು.

ಮೀಟಿಂಗಿನಲ್ಲಿ ನಾನು ಹೆಚ್ಚು ಯೋಚಿಸಲಿಲ್ಲ. ‘ಇಷ್ಟು ದಿನ ಇಲ್ಲದ್ದು ಈಗ ಬಂದಿದೆ, ಹೊಸದಾಗಿ ಸೇರಿದ್ದು ಸ್ಕ್ರಿಪ್ಟು ಒಂದೇ’ ಅಂದೆ. ಎಲ್ಲರೂ ತಲೆಯಾಡಿಸಿದರು. ಸ್ಕ್ರಿಪ್ಟನ್ನು ಹಿಂದಕ್ಕೆ ತೆಗೆದೆವು. ಡಬ್ಬಿಗಳು ಬೀಳುವುದು ನಿಂತಿತು. ಅಲ್ಲಿಗೆ ಸಾಬೀತಾದಂತೆಯೇ ಅನ್ನಿಸಿತು. ಆ ವಾರವೇ ಅವನ ಮೌಲ್ಯಮಾಪನದ ಫಾರಂ ನನ್ನ ಮುಂದೆ ಬಂತು. ಸರಿಯಾಗಿ ಪರೀಕ್ಷಿಸದ ಕೋಡನ್ನು ಗ್ರಾಹಕರಿಗೆ ಕಳಿಸಿದ್ದಾರೆ ಎಂದು ಒಂದು ಸಾಲು ಬರೆದೆ. ಆ ಸಾಲಿನ ಆಧಾರದ ಮೇಲೆ ಅವನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಊರಿನಲ್ಲಿ ತಂಗಿಯ ಕಾಲೇಜು ಫೀಸು ಅವನೇ ಕಟ್ಟುತ್ತಿದ್ದಾನೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಎರಡು ದಿನ ಬಿಟ್ಟು ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ.

“ಸರ್, ಒಂದು ಡೌಟು. ನನ್ನ ಸ್ಕ್ರಿಪ್ಟು ಒಂದು ಫೈಲನ್ನ ಓದುತ್ತೆ ಅಷ್ಟೇ. ಓದಿದ್ದಕ್ಕೆ ಕರ್ನಲ್ ಬೀಳಬಹುದಾ?”

“ಬೀಳಬಾರದು” ಅಂದೆ.

“ಹಾಗಾದ್ರೆ ಸ್ಕ್ರಿಪ್ಟು ನಿಲ್ಲಿಸಿ ನಾವು ಏನನ್ನ ಸರಿ ಮಾಡಿದ ಹಾಗಾಯ್ತು ಸರ್?”

ಅವನ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ನನ್ನಲ್ಲಿ ಉತ್ತರವಿರಲಿಲ್ಲ. ಯಂತ್ರವನ್ನು ನೋಡಲೆಂದೇ ಇರುವ ಕಿಟಕಿಯಿಂದ ಇಣುಕಿದರೆ ಮನೆ ಕುಸಿಯುತ್ತದೆ ಎಂದಾದರೆ, ತಪ್ಪು ಇಣುಕಿದವನದ್ದು ಹೇಗಾಗುತ್ತದೆ? “ಕೂತ್ಕೋ, ನೋಡೋಣ” ಅಂದೆ.

ಬಿದ್ದ ಡಬ್ಬಿಗಳು ಸಾಯುವ ಮುನ್ನ ಬಿಟ್ಟುಹೋಗಿದ್ದ ಕೊನೆಯ ಸಾಲುಗಳು ನಮ್ಮ ಹತ್ತಿರ ಇದ್ದವು. ಅದರಲ್ಲಿ ಯಾರು ಯಾರನ್ನು ಕರೆದರು ಎಂಬ ಸರಪಳಿ ಇರುತ್ತದೆ. ಕೆಳಗಿನಿಂದ ಓದಿದರೆ ಫೈಲು ಓದಿದ್ದು, ಅದು ದಿನಚರಿಯ ಒಂದು ಸಾಲನ್ನು ಅಚ್ಚು ಮಾಡಲು ಹೋದದ್ದು, ಅದು ನಮ್ಮ ಡ್ರೈವರಿನದೇ ಒಂದು ಗುರುತನ್ನು ತೆಗೆದದ್ದು, ಕೊನೆಗೆ ಒಂದು ಹೆಸರನ್ನು ಅಕ್ಷರ ಅಕ್ಷರವಾಗಿ ನಕಲಿಸುವ ಪುಟ್ಟ ಫಂಕ್ಷನ್. ಸತ್ತದ್ದು ಅಲ್ಲಿ. ಹೆಸರು ಇದೆಯೆಂದು ಹೇಳಲಾಗಿದ್ದ ವಿಳಾಸಕ್ಕೆ ಹೋದರೆ ಅಲ್ಲಿ ಮೆಮೊರಿಯೇ ಇರಲಿಲ್ಲ.

ನಮ್ಮ ಲ್ಯಾಬಿನಲ್ಲಿ ಎಷ್ಟು ಸಲ ಓದಿದರೂ ಡಬ್ಬಿ ಬೀಳಲಿಲ್ಲ. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಅವನೇ ಕೇಳಿದ, “ಸರ್, ಕಾರ್ಖಾನೇಲಿ ರಾತ್ರಿ ಪಾಳಿ ಮುಗಿದ್ಮೇಲೆ ಮಷೀನ್ ಆಫ್ ಮಾಡ್ತಾರಲ್ವಾ? ನಾವು ಇಲ್ಲಿ ಯಾವತ್ತೂ ಕೇಬಲ್ ಕೀಳೋದೇ ಇಲ್ಲ.”

ಕೇಬಲ್ ಕಿತ್ತೆವು. ಆಮೇಲೆ ಟ್ರೇಸ್ ಓದಿದೆವು. ಡಬ್ಬಿ ಬೀಳಲಿಲ್ಲ, ಆದರೆ ಯಂತ್ರದ ಹೆಸರು ಇರಬೇಕಾದ ಕಡೆ ಅರ್ಥವಿಲ್ಲದ ಅಕ್ಷರಗಳು ಬಂದವು. ಇನ್ನೊಮ್ಮೆ ಓದಿದಾಗ ಮತ್ತೊಂದು ಯಂತ್ರದ ಮಾಹಿತಿಯ ಒಂದು ತುಣುಕು ಅಲ್ಲಿ ಕೂತಿತ್ತು. ಖಾಲಿಯಾದ ಮನೆಗೆ ಬೇರೆ ಬಾಡಿಗೆದಾರರು ಬಂದಿದ್ದರು.

ಲಿನಕ್ಸಿನಲ್ಲಿ ಇಂಥದ್ದನ್ನು ಹಿಡಿಯಲು ಒಂದು ಹಳೆಯ ಉಪಾಯವಿದೆ. ಬಿಟ್ಟುಕೊಟ್ಟ ಮೆಮೊರಿಯನ್ನೆಲ್ಲ ಒಂದೇ ಗುರುತಿನ ಬೈಟಿನಿಂದ ತುಂಬಿಸಿಬಿಡು ಎಂದು ಕರ್ನಲಿಗೆ ಹೇಳಬಹುದು. ವಿಷ ಹಾಕುವುದು ಎನ್ನುತ್ತಾರೆ ಅದಕ್ಕೆ. ಆ ಬೈಟನ್ನು ಅಕ್ಷರವಾಗಿ ಓದಿದರೆ ಇಂಗ್ಲಿಷಿನ ಸಣ್ಣ ‘ಕೆ’. ವಿಷ ಹಾಕಿ ಮತ್ತೆ ಕೇಬಲ್ ಕಿತ್ತು ಓದಿದೆವು. ಹೆಸರಿನ ಜಾಗದಲ್ಲಿ ಸಾಲಾಗಿ ಹದಿನಾರು ‘ಕೆ’ ಬಂದು ನಿಂತವು. ಹೆಸರು ಹದಿನಾರು ಅಕ್ಷರ ಮೀರಬಾರದು ಎಂದು ನಾವೇ ಮಿತಿ ಹಾಕಿದ್ದರಿಂದ ಹದಿನಾರು, ಇಲ್ಲದಿದ್ದರೆ ಇನ್ನೂ ಬರುತ್ತಿದ್ದವು. ಹೆಸರು ಹೇಳಲು ಹೊರಟ ಯಂತ್ರ ‘ಕ್ ಕ್ ಕ್’ ಎಂದು ತೊದಲಿದ ಹಾಗಿತ್ತು. ಹುಡುಗ ನಕ್ಕ. ನನಗೆ ನಗು ಬರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನಗೆ ಎಲ್ಲೋ ಅನುಮಾನ ಶುರುವಾಗಿತ್ತು.

ಖಚಿತಪಡಿಸಿಕೊಳ್ಳಲು ಕಾಸನ್ ಎಂಬ ಕಾವಲುಗಾರನನ್ನು ಸೇರಿಸಿ ಕರ್ನಲನ್ನು ಮತ್ತೆ ಕಟ್ಟಿದೆವು. 2015ರಲ್ಲಿ ಲಿನಕ್ಸ್ 4.0 ಜೊತೆ ಬಂದದ್ದು ಅದು. ಪ್ರತಿ ಎಂಟು ಬೈಟಿಗೆ ಒಂದು ಬೈಟಿನಷ್ಟು ನೆರಳನ್ನು ಪಕ್ಕದಲ್ಲಿ ಇಟ್ಟುಕೊಂಡು, ಮುಟ್ಟಬಾರದ ಜಾಗವನ್ನು ಯಾರು ಮುಟ್ಟಿದರೂ ಕೂಗುತ್ತದೆ. ಅದರ ವರದಿ ನನಗೆ ಯಾವಾಗಲೂ ಹಳ್ಳಿಯ ಪಂಚಾಯಿತಿಯ ಹಾಗೆ ಕಾಣುತ್ತದೆ. ಮೂರು ಹೇಳಿಕೆಗಳು. ಈಗ ಬಾಗಿಲು ತಟ್ಟಿದವರು ಯಾರು, ಈ ಮನೆಯನ್ನು ಕಟ್ಟಿಸಿದವರು ಯಾರು, ಕೆಡವಿದವರು ಯಾರು. ಮೂರನ್ನೂ ಓದಿದ ಮೇಲೆ ಅನುಮಾನ ಉಳಿಯಲಿಲ್ಲ.

ಒಂದು ಯಂತ್ರ ನಮ್ಮ ಡಬ್ಬಿಗೆ ಸೇರಿಕೊಂಡಾಗ ಡ್ರೈವರ್ ಅದಕ್ಕಾಗಿ ಆರು ಸಾವಿರ ಬೈಟಿನಷ್ಟು ಜಾಗ ಪಡೆದು, ಅದರಲ್ಲಿ ಯಂತ್ರದ ಹೆಸರು, ಸ್ಥಿತಿ ಎಲ್ಲವನ್ನೂ ಇಡುತ್ತಿತ್ತು. ಯಂತ್ರ ಹೊರಟುಹೋದರೆ ಜಾಗವನ್ನು ಬಿಟ್ಟುಕೊಡುತ್ತಿತ್ತು. ಅದು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಟ್ರೇಸಿನಲ್ಲಿ. ಅದು ದಿನಚರಿಯಲ್ಲಿ ಯಂತ್ರದ ಹೆಸರನ್ನು ಬರೆದುಕೊಳ್ಳುತ್ತಿರಲಿಲ್ಲ. ಹೆಸರು ಇರುವ ಜಾಗದ ವಿಳಾಸವನ್ನು ಮಾತ್ರ ಬರೆದುಕೊಳ್ಳುತ್ತಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಪಾಯಿಂಟರ್ ಎನ್ನುತ್ತೇವೆ. ರಾತ್ರಿ ಹತ್ತಕ್ಕೆ ಪಾಳಿ ಮುಗಿದು ಯಂತ್ರ ಆಫ್ ಆಗುತ್ತದೆ, ಜಾಗ ಹೋಗುತ್ತದೆ, ವಿಳಾಸ ಮಾತ್ರ ದಿನಚರಿಯಲ್ಲಿ ಉಳಿಯುತ್ತದೆ. 2 ಗಂಟೆಗೆ ಹುಡುಗನ ಸ್ಕ್ರಿಪ್ಟು ಬಂದು ಆ ವಿಳಾಸದ ಬಾಗಿಲು ತಟ್ಟುತ್ತದೆ.

ಲ್ಯಾಬಿನಲ್ಲಿ ಬೀಳದೆ ಕಾರ್ಖಾನೆಯಲ್ಲಿ ಮಾತ್ರ ಬೀಳುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಆ ಆರು ಸಾವಿರ ಬೈಟನ್ನು ಕರ್ನಲ್ ಮೊದಲು ಸಾಲಾಗಿ ಒಂದೇ ಕಡೆ ಕೊಡಲು ನೋಡುತ್ತದೆ. ಸಿಗದಿದ್ದರೆ ಅಲ್ಲಲ್ಲಿ ಚದುರಿದ ಪುಟಗಳನ್ನು ಹೊಲಿದು ಕೊಡುತ್ತದೆ. ಸಾಲಾಗಿ ಕೊಟ್ಟ ಜಾಗವನ್ನು ಬಿಟ್ಟುಕೊಟ್ಟ ಮೇಲೂ ಅಲ್ಲಿಗೆ ದಾರಿ ಇರುತ್ತದೆ, ಹೋದವರಿಗೆ ಕಸವೋ ಬೇರೆಯವರ ಸಾಮಾನೋ ಸಿಗುತ್ತದೆ. ಹೊಲಿದು ಕೊಟ್ಟ ಜಾಗವನ್ನು ಬಿಟ್ಟುಕೊಟ್ಟರೆ ಹೊಲಿಗೆಯನ್ನೇ ಬಿಚ್ಚಿಬಿಡುತ್ತಾರೆ. ಹೋದವರು ನೇರ ಪ್ರಪಾತಕ್ಕೆ. ನಮ್ಮ ಲ್ಯಾಬಿನ ಡಬ್ಬಿಗಳು ದಿನಾ ಹೊಸದಾಗಿ ಏಳುತ್ತಿದ್ದವು, ಮೆಮೊರಿ ಬೇಕಾದಷ್ಟು ಒಟ್ಟಾಗಿ ಬಿದ್ದಿರುತ್ತಿತ್ತು. ತಿಂಗಳುಗಟ್ಟಲೆ ಓಡಿದ ಕಾರ್ಖಾನೆಯ ಡಬ್ಬಿಗಳಲ್ಲಿ ಅದು ಚೂರುಚೂರಾಗಿರುತ್ತಿತ್ತು.

ಇನ್ನು ಉಳಿದದ್ದು ಒಂದೇ. ಈ ಸಾಲನ್ನು ಬರೆದವರು ಯಾರು? ಕೋಡಿನ ಪ್ರತಿ ಸಾಲನ್ನೂ ಯಾರು, ಯಾವಾಗ ಬರೆದರು ಎಂದು ತೋರಿಸುವ ಒಂದು ಆಜ್ಞೆ ಇದೆ. ಅದರ ಹೆಸರೇ ‘ಬ್ಲೇಮ್’. ಹುಡುಗ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ನನ್ನ ಮುಖ ನೋಡಿದ. ಒತ್ತು ಅಂದೆ.

ನನ್ನ ಹೆಸರು ಬಂತು. ನಾಲ್ಕು ವರ್ಷದ ಹಿಂದಿನ ತಾರೀಕು. ಅದಕ್ಕಿಂತ ಹಿಂದೆ ಆ ಸಾಲು ಹೆಸರನ್ನೇ ನಕಲು ಮಾಡಿಕೊಳ್ಳುತ್ತಿತ್ತು. ಟ್ರೇಸ್ ಹಗುರವಾಗಲಿ ಎಂದು ನಾನೇ ನಕಲನ್ನು ಕಿತ್ತು ಹಾಕಿ, ಎಂಟು ಬೈಟಿನ ವಿಳಾಸವನ್ನು ಇಟ್ಟಿದ್ದೆ. ಪ್ರತಿ ಗುರುತಿಗೆ ಹನ್ನೆರಡು ಬೈಟಿನವರೆಗೆ ಉಳಿತಾಯ. ಆಗ ನನ್ನ ಮ್ಯಾನೇಜರ್ ಬೆನ್ನು ತಟ್ಟಿದ್ದರು. ನಾಲ್ಕು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಯಾಕೆಂದರೆ ಗ್ರಾಹಕರ ಕಡೆ ಆ ದಿನಚರಿಯನ್ನು ಯಾರೂ ತೆರೆದು ಓದಲೇ ಇಲ್ಲ. ಮೊದಲು ಓದಿದವನು ಈ ಹುಡುಗ.

ವಿಳಾಸ ಬರೆದಿಟ್ಟರೆ ಏನಾಗುತ್ತದೆ ಎಂಬುದು ನನಗೆ ಕಂಪ್ಯೂಟರಿಗಿಂತ ಮೊದಲೇ ಗೊತ್ತಿರಬೇಕಿತ್ತು. ನಮ್ಮ ಮನೆಯಲ್ಲಿ ಅಜ್ಜನ ಒಂದು ಲೆಕ್ಕದ ಪುಸ್ತಕವಿದೆ. ಶರಾವತಿ ದಂಡೆಯ ನಮ್ಮ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕಿಂತ ಒಂದೆರಡು ವರ್ಷ ಮೊದಲಿನ ಪುಸ್ತಕ ಅದು. ಅಜ್ಜ ಯಾರ ಹೆಸರನ್ನೂ ಬರೆದಿಲ್ಲ. ಕೆಳಮನೆಗೆ ಭತ್ತ ಎರಡು ಮೂಟೆ. ಮಾವಿನಮರದ ಮನೆಯಿಂದ ಎತ್ತು, ಮೂರು ದಿನ. ಹೊಳೆಬದಿ ಮನೆಯಿಂದ ಕೈಸಾಲ, 60 ರೂಪಾಯಿ. ಮಲೆನಾಡಿನಲ್ಲಿ ಹೀಗೇ, ಮನೆ ಹೇಳಿದರೆ ಜನ ಹೇಳಿದ ಹಾಗೆ. ಬರೆಯುವಾಗ ಅಜ್ಜ ಬಾಗಿಲಿಗೆ ಬಂದು ನಿಂತರೆ ಆ ಮನೆಗಳೆಲ್ಲ ಕಾಣುತ್ತಿದ್ದವು. ಹೆಸರು ಬರೆಯುವ ಅಗತ್ಯವಾದರೂ ಏನಿತ್ತು?

ನೀರು ಬಂತು. ಕೆಳಮನೆ, ಮಾವಿನಮರದ ಮನೆ, ಹೊಳೆಬದಿ ಮನೆ ಎಲ್ಲ ಮುಳುಗಿದವು. ಜನ ಒಂದೊಂದು ದಿಕ್ಕಿಗೆ ಹೋದರು. ನಮ್ಮವರು ಶಿವಮೊಗ್ಗದ ಕಡೆಗೆ ಬಂದರು. ಅಜ್ಜ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅಟ್ಟದಲ್ಲಿ ಆ ಪುಸ್ತಕ ಅಪ್ಪನ ಕೈಗೆ ಸಿಕ್ಕಿತು. ಊರು ಬಿಡುವಾಗ ಅಪ್ಪನಿಗೆ ಹತ್ತು ವರ್ಷವೂ ಆಗಿರಲಿಲ್ಲ. ಕೊಟ್ಟದ್ದರ ಬಗ್ಗೆ ಅವನಿಗೆ ಚಿಂತೆಯಿಲ್ಲ. ತಂದದ್ದು ಮಾತ್ರ ಅವನನ್ನು ಕಾಡುತ್ತದೆ. 60 ರೂಪಾಯಿಯ ಮುಂದೆ ‘ಸಂದಾಯ’ ಎಂದು ಬರೆದಿಲ್ಲ.

“ಯಾರದ್ದೋ ಋಣ ಮಾರಾಯ, ಯಾರದ್ದು ಅಂತ ಗೊತ್ತಾಗಿದ್ರೆ ಅವರ ಮೊಮ್ಮಕ್ಕಳಿಗಾದ್ರೂ ಕೊಡಬಹುದಿತ್ತು” ಎಂದು ಎಷ್ಟೋ ಸಲ ಹೇಳಿದ್ದಾನೆ. ಸಿಕ್ಕ ಹಳಬರನ್ನೆಲ್ಲ ಕೇಳಿದ್ದಾನೆ. ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಇನ್ನೊಂದು. ಹೊಳೆಯ ಬದಿಗೆ ಎಷ್ಟು ಮನೆಗಳಿದ್ದವೋ ಏನೋ.

ಅವತ್ತು ಸಂಜೆ ಹುಡುಗನಿಗೆ ಈ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಅಜ್ಜ ತಪ್ಪು ಮಾಡಿಲ್ಲ ಸರ್. ಊರು ಮುಳುಗುತ್ತೆ ಅಂತ ಬರೆಯೋವಾಗ ಅಂದ್ಕೊಂಡಿರಲ್ಲ” ಅಂದ. ಅದು ಅಜ್ಜನಿಗೆ ಹೇಳಿದ ಮಾತೋ ನನಗೆ ಹೇಳಿದ ಮಾತೋ ತಿಳಿಯಲಿಲ್ಲ. ಆದರೆ ಅಜ್ಜನಿಗಿದ್ದ ರಿಯಾಯಿತಿ ನನಗಿಲ್ಲ. ಯಂತ್ರ ಬಂದು ಹೋಗುವಂಥದ್ದು, ಅದರ ಜಾಗ ಬಿಟ್ಟುಕೊಡುವಂಥದ್ದು ಎಂಬುದು ನನಗೆ ಗೊತ್ತಿತ್ತು. ಬಿಟ್ಟುಕೊಡುವ ಕೋಡನ್ನೂ ನಾನೇ ಬರೆದಿದ್ದೆ.

ರಿಪೇರಿಗೆ ಹಿಡಿದದ್ದು ಹತ್ತು ನಿಮಿಷ. ವಿಳಾಸ ಇಡುವ ಸಾಲು ತೆಗೆದು, ಘಟನೆ ನಡೆದ ಕ್ಷಣದಲ್ಲಿಯೇ ಹೆಸರನ್ನು ದಿನಚರಿಯೊಳಕ್ಕೆ ನಕಲು ಮಾಡಿಕೊಳ್ಳುವ ಹಾಗೆ ಮಾಡಿದೆವು. ಅದಕ್ಕೆ ಬೇಕಾದ ಸೌಲಭ್ಯ ಎಫ್‌ಟ್ರೇಸ್‌ನಲ್ಲಿ ಇದೆ. ಬದಲಾದದ್ದು ಮೂರು ಸಾಲು. ಆಮೇಲೆ ಒಂದು ಡಬ್ಬಿಯ ಮೆಮೊರಿಯನ್ನು ಬೇಕೆಂದೇ ಚೂರುಚೂರು ಮಾಡಿ, ಮೊದಲು ಹಳೆಯ ಕೋಡಿನಲ್ಲಿ ಬೀಳುವುದನ್ನು ಕಣ್ಣಾರೆ ನೋಡಿ, ಮತ್ತೆ ಹೊಸ ಕೋಡಿನಲ್ಲಿ ಒಂದಿಡೀ ರಾತ್ರಿ ಕೇಬಲ್ ಕೀಳುತ್ತ, ಹಾಕುತ್ತ, ಓದುತ್ತ ಕೂತೆವು. ಒಂದು ‘ಕೆ’ ಕೂಡ ಬರಲಿಲ್ಲ.

ಈ ತಪ್ಪು ನನ್ನೊಬ್ಬನದೇ ಅಲ್ಲ ಎಂದು ತಿಳಿದದ್ದು ಆಮೇಲೆ. ಎಷ್ಟೋ ಜನ ಇದನ್ನೇ ಮಾಡುತ್ತಾರೆಂದು 2021ರಲ್ಲಿ ರೋಸ್ಟೆಡ್ ಅವರೇ ಕರ್ನಲಿಗೆ ಒಂದು ತಪಾಸಣೆ ಸೇರಿಸಿದ್ದರು. ಅಚ್ಚು ಮಾಡುವ ಮುನ್ನ ಅದು ವಿಳಾಸವನ್ನು ಪರೀಕ್ಷಿಸಿ, ನಂಬಲಾಗದ್ದಾದರೆ ಹೆಸರಿನ ಜಾಗದಲ್ಲಿ ‘ಅನ್‌ಸೇಫ್ ಮೆಮೊರಿ’ ಎಂದು ಬರೆದು ಎಚ್ಚರಿಸುತ್ತದೆ. ಅದು ಬಂದದ್ದು 5.13ರಲ್ಲಿ. ನಮ್ಮ ಡಬ್ಬಿಗಳಲ್ಲಿ ಓಡುತ್ತಿದ್ದದ್ದು 5.4. ಸುದ್ದಿ ಓದಿ ಸಮಾಧಾನವಾಯಿತು. ಹತ್ತು ಜನರ ಜೊತೆ ಎಡವಿದರೂ ಎಡವಿದ್ದು ಎಡವಿದ್ದೇ ಎಂದೂ ಅನ್ನಿಸಿತು.

ಕರ್ನಲ್ ಬರೆಯುವವರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ರಿಪೇರಿಯ ಕೊನೆಯಲ್ಲಿ ‘ಫಿಕ್ಸಸ್’ ಎಂದು ಬರೆದು, ಯಾವ ಬದಲಾವಣೆಯಿಂದ ತಪ್ಪು ಹುಟ್ಟಿತೋ ಅದರ ಗುರುತನ್ನೂ ಶೀರ್ಷಿಕೆಯನ್ನೂ ಕೊಡಬೇಕು. ‘ರಿಪೋರ್ಟೆಡ್ ಬೈ’ ಎಂದು ಬರೆದು ಹಿಡಿದುಕೊಟ್ಟವರ ಹೆಸರು ಹಾಕಬೇಕು. ಮೊದಲನೆಯ ಸಾಲಿನಲ್ಲಿ ನನ್ನ ಹಳೆಯ ಬದಲಾವಣೆ, ಎರಡನೆಯದರಲ್ಲಿ ಅವನ ಪೂರ್ತಿ ಹೆಸರು. ಮರುದಿನ ಮೀಟಿಂಗಿನಲ್ಲಿ ಅದನ್ನು ಪರದೆಯ ಮೇಲೆ ಹಾಕಿ, ಹೋದ ಸಲ ನಾನು ಹೇಳಿದ್ದು ತಪ್ಪು ಅಂದೆ. ಹದಿನೆಂಟು ವರ್ಷದಲ್ಲಿ ಅಷ್ಟು ಉದ್ದದ ಒಂದು ನಿಮಿಷ ನನಗೆ ನೆನಪಿಲ್ಲ.

ಆಮೇಲೆ ಎಚ್‌ಆರ್‌ಗೆ ಹೋದೆ. ಅವನ ಫಾರಮ್ಮಿನಲ್ಲಿ ನಾನು ಬರೆದ ಸಾಲನ್ನು ತೆಗೆಯಬೇಕು ಅಂದೆ. ಸಲ್ಲಿಸಿದ ಮೇಲೆ ಅಳಿಸಲು ಬರುವುದಿಲ್ಲ, ಬೇಕಾದರೆ ಕೆಳಗೆ ಸೇರಿಸಬಹುದು ಅಂದರು. ಸೇರಿಸಿದೆ. ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಯಿತು. ಆದರೆ ಮೊದಲ ಸಾಲು ಅಲ್ಲಿಯೇ ಇದೆ. ಮುಂದೆ ಯಾರೋ ಅದನ್ನು ತೆರೆದು ಓದುವವರು ಕೆಳಗಿನ ಸಾಲಿನವರೆಗೆ ಓದಲಿ ಎಂದು ಆಸೆ ಪಡುವುದಷ್ಟೇ ನನ್ನಿಂದಾಗುವುದು. ಅವನಿಗೆ ಹೇಳಿದಾಗ “ಪರವಾಗಿಲ್ಲ ಬಿಡಿ ಸರ್” ಅಂದ. ಪೂರ್ತಿ ಪರವಾಗಿಲ್ಲ ಎಂದೇನೂ ಅವನ ಮುಖ ಹೇಳಲಿಲ್ಲ.

ಆ ವರ್ಷ ಚೌತಿಗೆ ಊರಿಗೆ ಹೋದಾಗ ಅಜ್ಜನ ಪುಸ್ತಕ ತೆಗೆಸಿದೆ. ಅಪ್ಪನನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದೊಂದೇ ಮನೆ ಓದಿದೆ. ಕೆಳಮನೆ ಅಂದರೆ ಯಾರು? ಅಪ್ಪ ಕಣ್ಣು ಮುಚ್ಚಿ ದಾರಿ ನಡೆದ. ಗದ್ದೆ ಬದು, ಕಾಲುಸಂಕ, ಆಮೇಲೆ ಒಂದು ದಣಪೆ, ಹಾಂ, ಅದು ಇಂಥವರ ಮನೆ ಅಂದ. ಅವನು ಹೇಳಿದ ಹೆಸರನ್ನು ಪೆನ್ಸಿಲಿನಲ್ಲಿ ಪಕ್ಕದಲ್ಲಿ ಬರೆದೆ, ಅವರು ಎಲ್ಲಿಗೆ ಹೋದರು ಎಂಬುದನ್ನೂ ಬರೆದೆ. ಒಟ್ಟು ಹನ್ನೊಂದು ಮನೆಗಳಲ್ಲಿ ಏಳಕ್ಕೆ ಹೆಸರು ಸಿಕ್ಕಿತು.

ಹೊಳೆಬದಿ ಮನೆಗೆ ಬಂದಾಗ ಅಪ್ಪ ಬಹಳ ಹೊತ್ತು ಕಣ್ಣು ಮುಚ್ಚಿಯೇ ಇದ್ದ. “ಅಲ್ಲೊಂದು ನೇರಳೆ ಮರ ಇತ್ತು. ಒಬ್ಬಳು ಅಮ್ಮ ನಂಗೆ ಬೆಲ್ಲ ಕೊಡ್ತಿದ್ದಳು” ಅಂದ. ಅವಳ ಹೆಸರೇನು ಅಂತ ಕೇಳಿದೆ. “ಅಮ್ಮ ಅಂತಲೇ ಕರೀತಿದ್ನಲ್ಲ ಮಾರಾಯ, ಹೆಸರು ಯಾರಿಗೆ ಗೊತ್ತು” ಅಂದ.

60 ರೂಪಾಯಿಯ ಪಕ್ಕದಲ್ಲಿ ಅಷ್ಟನ್ನೇ ಬರೆದಿದ್ದೇನೆ. ನೇರಳೆ ಮರ, ಬೆಲ್ಲ ಕೊಡುತ್ತಿದ್ದ ಅಮ್ಮ.